ಕೊರಿಯರ್ ಚಾರ್ಜ್ ಎಷ್ಟು ಹಾಕೋದು? ಮನೆಯಿಂದ ಆನ್‌ಲೈನ್‌ನಲ್ಲಿ ಮಾರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪಿನಕಾಯಿ, ಸಾಂಬಾರು ಪುಡಿ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಪುಸ್ತಕ. ಇವನ್ನೆಲ್ಲ ವಾಟ್ಸಾಪ್, ಇನ್‌ಸ್ಟಾಗ್ರಾಮ್ ಅಥವಾ ಸ್ವಂತ ವೆಬ್‌ಸೈಟ್ ಮೂಲಕ ಮಾರುವವರು ಮಾತಿಗೆ ಸಿಕ್ಕಾಗ, ಮೆಸೇಜ್ ಮಾಡಿದಾಗ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಗಣೆಯಲ್ಲಿ ಲಾಭ ಮಾಡಬಾರದು, ನಷ್ಟವನ್ನೂ ಹೊರಬಾರದು. ಎಷ್ಟಾಗುತ್ತದೆ ಅನ್ನುವುದು ಕೊಳ್ಳುವವರಿಗೆ ದುಡ್ಡು ಕೊಡುವ ಮುಂಚೆಯೇ ಗೊತ್ತಿರಬೇಕು. ಉದಾಹರಣೆಗಳಲ್ಲಿರುವ ಕೊರಿಯರ್ ದರಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ನಿಮ್ಮ ಕೊರಿಯರ್‌ನವರ ದರ ಹಾಕಿಕೊಂಡು ಅದೇ ಲೆಕ್ಕ ಮಾಡಿ.

## ಶುರು ಮಾಡುವವರಿಗೆ

ಕೊರಿಯರ್‌ನವರು ತಗೊಳ್ಳೋ ದುಡ್ಡನ್ನ ಹಾಗೇ ಹಾಕಿದ್ರೆ ಸಾಕಲ್ವಾ?

ಸಾಲದು. ಒಂದು ಕೇಜಿಯೊಳಗಿನ ಒಂದು ಪಾರ್ಸೆಲ್ ತಗೊಳ್ಳಿ. ಕೊರಿಯರ್ ದರ 90 ರೂಪಾಯಿ ಅಂತ ಹೇಳಿರುತ್ತಾರೆ. ಅದರ ಮೇಲೆ 18% ಜಿಎಸ್‌ಟಿ ಸೇರಿ 106 ರೂಪಾಯಿ ಆಗುತ್ತದೆ. ರಟ್ಟಿನ ಡಬ್ಬಕ್ಕೆ 18, ಬಬಲ್ ರ‍್ಯಾಪ್‌ಗೆ 12, ಟೇಪು ಮತ್ತು ಲೇಬಲ್ಲಿಗೆ 5. ಅಲ್ಲಿಗೆ 141. ಕಾರ್ಡ್ ಮೂಲಕ ದುಡ್ಡು ತಗೊಂಡರೆ, ಆ ಪಾವತಿ ನಡೆಸಿಕೊಡುವ ಪೇಮೆಂಟ್ ಗೇಟ್‌ವೇಯವರು ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ. ಅವರು ಸಾಮಾನಿನ ಬೆಲೆಯ ಮೇಲೆ ಮಾತ್ರ ಅಲ್ಲ, ಸಾಗಣೆ ಸೇರಿದ ಪೂರ್ತಿ ಮೊತ್ತದ ಮೇಲೆ ಹಿಡಿಯುತ್ತಾರೆ. ಯುಪಿಐ ಆದರೆ ಈ ಕೊನೆಯ ಖರ್ಚು ಸಾಮಾನ್ಯವಾಗಿ ಇಲ್ಲ. 2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿ ಶುಲ್ಕ ಸೊನ್ನೆ.

90 ಅಂದುಕೊಂಡದ್ದು 141 ಆಯಿತು. ಪ್ರತಿ ಪಾರ್ಸೆಲ್‌ಗೂ 50 ರೂಪಾಯಿ ಕೈಯಿಂದ ಹೋಗುತ್ತಿದ್ದರೆ ವ್ಯಾಪಾರ ಚೆನ್ನಾಗಿ ನಡೆದಷ್ಟೂ ನಷ್ಟ ಜಾಸ್ತಿ.

ಪ್ಯಾಕಿಂಗ್ ದುಡ್ಡು ಬೇರೆ ಕೇಳಿದ್ರೆ ಗಿರಾಕಿಗಳು ಮುಖ ಸಿಂಡರಿಸ್ತಾರೆ. ಏನು ಮಾಡಲಿ?

ಬೇರೆ ಸಾಲಿನಲ್ಲಿ ತೋರಿಸಬೇಡಿ. ‘ಪ್ಯಾಕಿಂಗ್ ಸೇರಿ ಸಾಗಣೆ 140’ ಅಂತ ಒಂದೇ ಮೊತ್ತ ಹೇಳಿ. ಒಂದೊಂದಾಗಿ ಚಾರ್ಜ್ ಸೇರುತ್ತಾ ಹೋದರೆ ಯಾರಿಗಾದರೂ ಕಿರಿಕಿರಿ ಆಗುತ್ತದೆ. ಆದರೆ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಪ್ಯಾಕಿಂಗ್ ಬೇರೆ, ಕೊರಿಯರ್ ಬೇರೆ ಬರೆದಿಡಿ. ಯಾವುದು ಏರಿತು ಅಂತ ಆಮೇಲೆ ತಿಳಿಯಬೇಕಲ್ಲ.

520 ಗ್ರಾಂ ಇದ್ದಿದ್ದಕ್ಕೆ ಒಂದು ಕೇಜಿ ರೇಟು ಹಾಕಿದಾರೆ. ಇದೇನು?

ಅದು ಸ್ಲ್ಯಾಬ್ ಲೆಕ್ಕ. ತುಂಬಾ ಕೊರಿಯರ್‌ಗಳು ಅರ್ಧ ಅರ್ಧ ಕೇಜಿಗೆ ದರ ಏರಿಸುತ್ತವೆ. 500 ದಾಟಿದರೆ ಮುಂದಿನ ಮೆಟ್ಟಿಲು. ಆದ್ದರಿಂದ ಪ್ಯಾಕ್ ಮಾಡಿದ ಮೇಲೆ ತೂಗಿ, ಬರೀ ಸಾಮಾನನ್ನಲ್ಲ. ಅರ್ಧ ಕೇಜಿ ಪುಡಿ ಮಾರುವವರು ಪೊಟ್ಟಣವನ್ನು 400 ಗ್ರಾಂಗೆ ಇಳಿಸಿದರೆ ಡಬ್ಬ ಸೇರಿ ಮೊದಲ ಸ್ಲ್ಯಾಬಿನಲ್ಲೇ ಕೂರುತ್ತದೆ. ಆಗ ಬೆಲೆಯನ್ನೂ 400 ಗ್ರಾಂಗೆ ತಕ್ಕ ಹಾಗೆ ಇಳಿಸಬೇಕು. ತೂಕವನ್ನು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕು.

ಒಂದು ಕೇಜಿ ಬ್ಯಾಡಗಿ ಮೆಣಸಿನಕಾಯಿಗೆ ಎರಡೂವರೆ ಕೇಜಿ ಬಿಲ್ ಬಂದಿದೆ. ಮೋಸ ಅಲ್ವಾ?

ಮೋಸ ಅಲ್ಲ, ಆದರೆ ಗೊತ್ತಿಲ್ಲದಿದ್ದರೆ ಹೊಡೆತ ಬೀಳುತ್ತದೆ. ಗಾಡಿಯಲ್ಲಿ ಜಾಗವೂ ಒಂದು ಖರ್ಚು. ಅದಕ್ಕೇ ಕೊರಿಯರ್‌ನವರು ಗಾತ್ರದಿಂದಲೂ ಒಂದು ತೂಕ ಕಟ್ಟುತ್ತಾರೆ. ವಾಲ್ಯೂಮೆಟ್ರಿಕ್ ತೂಕ ಅನ್ನುವುದು ಇದನ್ನೇ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ನಿಜವಾದ ತೂಕ, ಗಾತ್ರದ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್.

ನಿಮ್ಮ ಡಬ್ಬ 30, 20, 20 ಸೆಂಟಿಮೀಟರ್ ಇದ್ದಿರಬೇಕು. ಗುಣಿಸಿದರೆ 12,000. ಭಾಗಿಸಿದರೆ 2.4 ಕೇಜಿ. ಸ್ಲ್ಯಾಬ್ ಪ್ರಕಾರ ಎರಡೂವರೆ. ಒಣ ಮೆಣಸಿನಕಾಯಿ ಹಗುರ, ಆದರೆ ಜಾಗ ತಿನ್ನುತ್ತದೆ. ಚನ್ನಪಟ್ಟಣದ ಗೊಂಬೆ, ಬುಟ್ಟಿ, ಹಪ್ಪಳ, ಅವಲಕ್ಕಿ ಎಲ್ಲದಕ್ಕೂ ಇದೇ ಪಾಡು. ಸೀರೆ, ಬೆಲ್ಲ, ಉಪ್ಪಿನಕಾಯಿಗೆ ಈ ತೊಂದರೆ ಅಷ್ಟಿಲ್ಲ, ಅಲ್ಲಿ ನಿಜವಾದ ತೂಕವೇ ಜಾಸ್ತಿ ಇರುತ್ತದೆ.

ಉಳಿಸುವ ದಾರಿ ಡಬ್ಬದಲ್ಲಿದೆ. ಮನೆಯಲ್ಲಿ ಖಾಲಿ ಬಿದ್ದಿದ್ದ ದೊಡ್ಡ ಡಬ್ಬ ಬಳಸಿದರೆ 20 ರೂಪಾಯಿ ಉಳಿಯಿತು ಅನಿಸುತ್ತದೆ, ಬಿಲ್ಲಿನಲ್ಲಿ ಅದಕ್ಕಿಂತ ಜಾಸ್ತಿ ಹೋಗಿರುತ್ತದೆ. ಸಾಮಾನಿಗೆ ಸರಿಯಾಗಿ ಕೂರುವ ಎರಡು ಮೂರು ಅಳತೆಯ ಡಬ್ಬ ಆರಿಸಿಕೊಂಡು ಅವನ್ನೇ ಸಗಟಾಗಿ ತರಿಸಿ. ಗಿರಾಕಿಯಿಂದ ತಗೊಳ್ಳುವ ಚಾರ್ಜೂ ಆಗ ಇಳಿಯುತ್ತದೆ.

ಅಂಚೆ ಕಚೇರಿ ಒಳ್ಳೇದಾ, ಪ್ರೈವೇಟ್ ಕೊರಿಯರ್ರಾ?

ನಿಮ್ಮ ಗಿರಾಕಿಗಳು ಎಲ್ಲಿದ್ದಾರೆ ಅನ್ನುವುದರ ಮೇಲಿದೆ. ಹಳ್ಳಿಗಳಿಗೆ, ಈಶಾನ್ಯ ರಾಜ್ಯಗಳಿಗೆ, ಅಂಡಮಾನಿಗೆ ಅಂಚೆಯಷ್ಟು ದೂರ ಹೋಗುವವರು ಕಡಿಮೆ. ಊರಿನ ಮನೆಗೆ ಹುಡುಕಿಕೊಂಡು ಹೋಗಿ ಕೊಡುವವರು ಪೋಸ್ಟ್‌ಮ್ಯಾನ್. ನಗರಗಳ ನಡುವೆ ದಿನಾ ಹತ್ತಾರು ಪಾರ್ಸೆಲ್ ಇದ್ದರೆ, ಮನೆಗೇ ಬಂದು ತಗೊಂಡು ಹೋಗುವ ಕೊರಿಯರ್ ಅನುಕೂಲ. ನನ್ನ ಸಲಹೆ ಎರಡನ್ನೂ ಇಟ್ಟುಕೊಳ್ಳಿ ಅಂತ.

ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುವ ವಿಷಯ ಒಂದಿದೆ. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರ ಬದಲಾಯಿತು. 50 ಗ್ರಾಂವರೆಗೆ ಸ್ಥಳೀಯವಾಗಿ 19 ರೂಪಾಯಿ, ಉಳಿದ ಕಡೆ 47 ರೂಪಾಯಿ, ಜಿಎಸ್‌ಟಿ ಬೇರೆ. ಆ ಪಟ್ಟಿ ಕಾಗದಪತ್ರಗಳಿಗೆ. ಸಾಮಾನಿಗೆ ಪಾರ್ಸೆಲ್ ದರ ನೋಡಬೇಕು. ಆ ಪಟ್ಟಿ ನೋಡಿ ಸೀರೆಗೆ ಚಾರ್ಜ್ ಹೇಳಿಬಿಟ್ಟರೆ ಕೌಂಟರಿನಲ್ಲಿ ಮುಖ ಸಣ್ಣದಾಗುತ್ತದೆ. ದರ ಹೇಳುವ ಮುಂಚೆ ತೂಕ, ಅಳತೆ, ಪಿನ್‌ಕೋಡ್ ಕೊಟ್ಟು ಪಾರ್ಸೆಲ್ ದರ ಎಷ್ಟು ಅಂತ ಕೇಳಿಕೊಳ್ಳಿ.

ಪುಸ್ತಕ ಮಾರ್ತೀನಿ. 150 ರೂಪಾಯಿ ಪುಸ್ತಕಕ್ಕೆ 80 ರೂಪಾಯಿ ಕೊರಿಯರ್ ಅಂದ್ರೆ ಯಾರು ತಗೋತಾರೆ?

ಪುಸ್ತಕಕ್ಕೆ ಅಂಚೆಯಲ್ಲಿ ಬೇರೆ ದಾರಿಯೇ ಇದೆ. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, ತೂಕ ಏರಿದಂತೆ ದರ ಏರಿ 5 ಕೇಜಿಗೆ 100 ರೂಪಾಯಿ, ತೆರಿಗೆ ಬೇರೆ. ಪಾರ್ಸೆಲ್ ಎಲ್ಲಿದೆ ಅಂತ ಟ್ರ್ಯಾಕ್ ಮಾಡಬಹುದು. ನೆಲದ ಮೇಲೆ ಹೋಗುವುದರಿಂದ ನಿಧಾನ. ಶಿಕ್ಷಣ, ಸಮಾಜ, ಸಂಸ್ಕೃತಿ, ಧರ್ಮಕ್ಕೆ ಸಂಬಂಧಿಸಿದ ಪುಸ್ತಕಗಳಿಗಾಗಿ ಮಾಡಿದ್ದು. ಜಾಹೀರಾತು ತುಂಬಿದ್ದು ನಡೆಯುವುದಿಲ್ಲ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು.

ಕನ್ನಡ ಪುಸ್ತಕ ಓದುವವರು ಸಣ್ಣ ಊರುಗಳಲ್ಲಿ ತುಂಬಾ ಇದ್ದಾರೆ. ಅವರಿಗೆ ಎರಡು ಆಯ್ಕೆ ಕೊಡಿ: ‘ನಿಧಾನ, ಕಡಿಮೆ ಖರ್ಚು’ ಮತ್ತು ‘ಬೇಗ, ಜಾಸ್ತಿ ಖರ್ಚು’. ಪುಸ್ತಕ ನಾಲ್ಕು ದಿನ ತಡವಾದರೂ ಪರವಾಗಿಲ್ಲ ಅನ್ನುವವರು ಬೇಕಾದಷ್ಟು ಜನ ಇರುತ್ತಾರೆ.

## ದರ ನಿಗದಿ ಮಾಡುವಾಗ

ಎಲ್ಲರಿಗೂ ಒಂದೇ ರೇಟು ಇಟ್ರೆ ಸುಲಭ. ಹಾಗೆ ಮಾಡಬಹುದಾ?

ಮಾಡಬಹುದು, ಸರಾಸರಿ ತೆಗೆದು. ಹಿಂದಿನ 20 ಆರ್ಡರ್ ನೋಡಿ. 10 ಕರ್ನಾಟಕದೊಳಗೆ ಹೋಗಿ ತಲಾ 80 ಆಗಿದೆ. 6 ಪಕ್ಕದ ರಾಜ್ಯಗಳಿಗೆ ತಲಾ 100. 4 ಉತ್ತರ ಭಾರತಕ್ಕೆ ತಲಾ 150. ಒಟ್ಟು 2,000. ಸರಾಸರಿ 100.

ಲೆಕ್ಕ ಸರಿಹೋಯಿತು. ಆದರೆ ದಾವಣಗೆರೆಯವರು 20 ರೂಪಾಯಿ ಜಾಸ್ತಿ ಕೊಟ್ಟು ದೆಹಲಿಯವರ ಪಾರ್ಸೆಲ್‌ಗೆ ಸಹಾಯ ಮಾಡಿದ ಹಾಗಾಯಿತು. ನನಗೆ ಇದು ಅಷ್ಟು ಇಷ್ಟವಿಲ್ಲ. ಹತ್ತಿರದವರೇ ಸಾಮಾನ್ಯವಾಗಿ ಮತ್ತೆ ಮತ್ತೆ ಕೊಳ್ಳುವವರು. ಎರಡು ಅಥವಾ ಮೂರು ದರ ಇಡಿ: ಕರ್ನಾಟಕ, ದಕ್ಷಿಣದ ರಾಜ್ಯಗಳು, ಉಳಿದ ಭಾರತ. ಈಶಾನ್ಯ, ಜಮ್ಮು ಕಾಶ್ಮೀರ, ಲಡಾಖ್, ದ್ವೀಪಗಳಿಗೆ ‘ಕೇಳಿ ಹೇಳುತ್ತೇವೆ’ ಅಂತ ಬರೆಯಿರಿ. ಅದಕ್ಕಿಂತ ಜಾಸ್ತಿ ಭಾಗ ಮಾಡಿದರೆ ನಿಮಗೂ ತಲೆಬಿಸಿ, ಓದುವವರಿಗೂ ತಲೆಬಿಸಿ.

ನಮ್ದು ಬೀದರ್. ನಮಗೆ ಹೈದರಾಬಾದ್ ಹತ್ರ, ಬೆಂಗಳೂರು ದೂರ. ‘ಕರ್ನಾಟಕ ಕಡಿಮೆ ರೇಟು’ ಅಂತ ಹೇಗೆ ಇಡೋದು?

ಒಳ್ಳೆಯ ಪ್ರಶ್ನೆ. ಬೆಂಗಳೂರಿನಲ್ಲಿ ಕೂತು ಮಾಡಿದ ದರಪಟ್ಟಿಯನ್ನು ಗಡಿಯ ಊರಿನವರು ಹಾಗೇ ತಗೊಳ್ಳಬಾರದು. ಬೀದರಿನಿಂದ ಹೈದರಾಬಾದ್ 150 ಕಿಲೋಮೀಟರ್ ಆಸುಪಾಸು, ಬೆಂಗಳೂರು ಅದರ ನಾಲ್ಕು ಪಟ್ಟಿಗಿಂತ ದೂರ. ಬೆಳಗಾವಿಯವರಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ಮಂಗಳೂರಿನವರಿಗೆ ಕಾಸರಗೋಡು ಪಕ್ಕದಲ್ಲೇ ಇದೆ.

ನಿಮ್ಮ ಕೊರಿಯರ್‌ನವರು ಲೆಕ್ಕ ಹೇಗೆ ಹಾಕುತ್ತಾರೆ ಅಂತ ಮೊದಲು ಕೇಳಿ. ಸ್ಪೀಡ್ ಪೋಸ್ಟ್ ದರ ನಿಂತಿರುವುದು ದೂರದ ಮೇಲೆ: ಸ್ಥಳೀಯ, 200 ಕಿಲೋಮೀಟರ್‌ವರೆಗೆ, 500ರವರೆಗೆ, 1000ದವರೆಗೆ, 2000ದವರೆಗೆ, ಅದಕ್ಕೂ ಮೇಲೆ. ಇದರಲ್ಲಿ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ಹಲವು ಪ್ರೈವೇಟ್ ಕೊರಿಯರ್‌ಗಳು ಊರೊಳಗೆ, ರಾಜ್ಯದೊಳಗೆ, ದೊಡ್ಡ ನಗರಗಳ ನಡುವೆ, ಉಳಿದ ದೇಶ ಅಂತ ವಲಯ ಮಾಡುತ್ತವೆ. ಅಂಚೆಯಲ್ಲಿ ಕಳಿಸುವ ಬೀದರಿನವರು ‘ಹತ್ತಿರ’, ‘ದೂರ’ ಅಂತ ದರ ಇಟ್ಟು, ಹತ್ತಿರದ ಪಟ್ಟಿಗೆ ಹೈದರಾಬಾದನ್ನೂ ಸೇರಿಸಲಿ.

ಅಡ್ರೆಸ್ ನೋಡಿದ ತಕ್ಷಣ ಯಾವ ರೇಟು ಅಂತ ಹೇಳೋಕೆ ಸುಲಭದ ದಾರಿ ಇದೆಯಾ?

ಪಿನ್‌ಕೋಡ್‌ನ ಮೊದಲ ಎರಡು ಅಂಕಿ ನೋಡಿ. 56ರಿಂದ 59 ಕರ್ನಾಟಕ. 50ರಿಂದ 53 ತೆಲಂಗಾಣ ಮತ್ತು ಆಂಧ್ರ. 60ರಿಂದ 66 ತಮಿಳುನಾಡು ಕಡೆ. 67ರಿಂದ 69 ಕೇರಳ. 40ರಿಂದ 44 ಮಹಾರಾಷ್ಟ್ರ, ಗೋವಾದ 403 ಅದರೊಳಗೇ ಬರುತ್ತದೆ. 11 ದೆಹಲಿ. 78, 79 ಈಶಾನ್ಯ. 744 ಅಂಡಮಾನ್. ಒಂದು ಕಡೆ ಎಚ್ಚರ ಬೇಕು: ಲಕ್ಷದ್ವೀಪದ ಪಿನ್ ಕೂಡ 682ರಿಂದಲೇ ಶುರುವಾಗುತ್ತದೆ, ಕೊಚ್ಚಿ ಅಂದುಕೊಂಡು ದರ ಹೇಳಬೇಡಿ.

ಫ್ರೀ ಶಿಪ್ಪಿಂಗ್ ಕೊಡದಿದ್ರೆ ಯಾರೂ ತಗೊಳ್ಳಲ್ಲ ಅಂತಾರೆ. ನಿಜಾನಾ?

ದೊಡ್ಡ ಆ್ಯಪ್‌ಗಳು ಜನರಿಗೆ ಆ ಅಭ್ಯಾಸ ಮಾಡಿಸಿವೆ, ಅದು ನಿಜ. ಆದರೆ ಪಾರ್ಸೆಲ್ ಸುಮ್ನೆ ಹೋಗುವುದಿಲ್ಲ, ಯಾರೋ ಒಬ್ಬರು ದುಡ್ಡು ಕೊಡಲೇಬೇಕು. ನಿಮ್ಮ ಲಾಭದಿಂದ ಹೋಗುತ್ತದೆ, ಇಲ್ಲ ಬೆಲೆಯೊಳಗೆ ಸೇರಿರುತ್ತದೆ.

ಬೆಲೆಯೊಳಗೆ ಸೇರಿಸುವುದರಲ್ಲಿ ಒಂದು ಅನ್ಯಾಯ ಅಡಗಿದೆ. ಪ್ರತಿ ಬಾಟಲಿಗೂ 80 ರೂಪಾಯಿ ಸೇರಿಸಿ ‘ಫ್ರೀ’ ಅಂದಿರಿ ಅಂದುಕೊಳ್ಳಿ. ನಾಲ್ಕು ಬಾಟಲಿ ಕೊಂಡವರು 320 ರೂಪಾಯಿ ಸಾಗಣೆ ಕೊಟ್ಟ ಹಾಗಾಯಿತು. ನಾಲ್ಕೂ ಒಂದೇ ಡಬ್ಬದಲ್ಲಿ ಹೋಗಿ ಖರ್ಚಾದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಜಾಸ್ತಿ ಕೊಂಡ ಒಳ್ಳೆಯ ಗಿರಾಕಿಗೇ ಪೆಟ್ಟು. ಒಂದು ಸಲಕ್ಕೆ ಒಂದೇ ಕೊಳ್ಳುವ ಸಾಮಾನು, ಅಂದರೆ ರೇಷ್ಮೆ ಸೀರೆಯಂಥದ್ದಾದರೆ ಬೆಲೆಯೊಳಗೆ ಸೇರಿಸಿದರೂ ತೊಂದರೆಯಿಲ್ಲ. ಹತ್ತು ಸಾವಿರದ ಸೀರೆಗೆ 100 ರೂಪಾಯಿ ಬೇರೆ ಕೇಳುವುದು ಸಣ್ಣತನ ಅನಿಸುತ್ತದೆ. 180 ರೂಪಾಯಿಯ ಸಾಂಬಾರು ಪುಡಿಗೆ ಆ ಮಾತು ಒಪ್ಪುವುದಿಲ್ಲ.

ಇಷ್ಟರ ಮೇಲೆ ಕೊಂಡರೆ ಫ್ರೀ ಅನ್ನುವುದು ಒಳ್ಳೆಯ ದಾರಿ. ಆ ಮಿತಿಯನ್ನು ಸ್ಲ್ಯಾಬ್ ನೋಡಿ ಇಡಿ. ಸಾಂಬಾರು ಪುಡಿಯನ್ನೇ ತಗೊಳ್ಳಿ. ಕಾಲು ಕೇಜಿ ಪೊಟ್ಟಣ, ಒಂದಕ್ಕೆ ಲಾಭ 60. ಅರ್ಧ ಕೇಜಿ ಸ್ಲ್ಯಾಬಿಗೆ ಖರ್ಚು 85, ಒಂದು ಕೇಜಿಗೆ 120. ಒಂದು ಪೊಟ್ಟಣ ಫ್ರೀ ಕಳಿಸಿದರೆ 25 ನಷ್ಟ. ಎರಡಾದರೆ ಡಬ್ಬ ಸೇರಿ 600 ಗ್ರಾಂ, ಒಂದು ಕೇಜಿ ದರ ಬೀಳುತ್ತದೆ, ಲಾಭ 120 ಪೂರ್ತಿ ಕೊರಿಯರ್‌ಗೇ ಹೋಯಿತು. ಮೂರಾದರೆ 850 ಗ್ರಾಂ, ದರ ಅದೇ 120, ಲಾಭ 180. ಕೈಯಲ್ಲಿ 60 ಉಳಿಯಿತು. ಹಾಗಾಗಿ ಇಲ್ಲಿ ‘ಮೂರು ತಗೊಂಡರೆ ಸಾಗಣೆ ನಮ್ಮದು’ ಅನ್ನುವುದು ಸರಿಯಾದ ಮಿತಿ. ಯಾರೋ 999 ಅಂತ ಇಟ್ಟಿದ್ದಾರೆ ಅಂತ ನೀವೂ 999 ಇಡಬೇಡಿ.

ಎರಡು ಸೀರೆ ತಗೊಂಡ್ರೆ ಎರಡು ಸಲ ಚಾರ್ಜ್ ಕೊಡಬೇಕಾ ಅಂತ ಕೇಳ್ತಾರೆ.

ಬೇಡ. ಒಂದೇ ಡಬ್ಬದಲ್ಲಿ ಹೋಗುವುದಾದರೆ ಒಟ್ಟು ತೂಕಕ್ಕೆ ಒಂದು ಚಾರ್ಜ್. ವೆಬ್‌ಸೈಟ್ ತಾನಾಗೇ ಎರಡು ಸಲ ಹಾಕುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ‘ಪ್ರತಿ ಸಾಮಾನಿಗೆ’ ತೆಗೆದು ‘ಪ್ರತಿ ಆರ್ಡರಿಗೆ’ ಅಥವಾ ‘ತೂಕಕ್ಕೆ’ ಅಂತ ಬದಲಾಯಿಸಿ.

120 ತಗೊಂಡಿದ್ದೆ, 95 ಮಾತ್ರ ಆಯ್ತು. ಉಳಿದಿದ್ದು ವಾಪಸ್ ಕೊಡಬೇಕಾ?

ಹತ್ತು ಇಪ್ಪತ್ತು ರೂಪಾಯಿ ಆಚೀಚೆ ಆಗುವುದು ಸಹಜ. ಒಂದರಲ್ಲಿ ಉಳಿದದ್ದು ಇನ್ನೊಂದರಲ್ಲಿ ಹೋಗುತ್ತದೆ. ಆದರೆ ಪ್ರತಿ ಸಲವೂ ಉಳಿಯುತ್ತಿದ್ದರೆ ನಿಮ್ಮ ದರ ಜಾಸ್ತಿ ಇದೆ ಅಂತಲೇ ಅರ್ಥ, ಇಳಿಸಿ. ಒಂದೇ ಪಾರ್ಸೆಲ್‌ನಲ್ಲಿ ದೊಡ್ಡ ಮೊತ್ತ ಉಳಿದರೆ ಯುಪಿಐನಲ್ಲಿ ವಾಪಸ್ ಹಾಕಿ. ಅರ್ಧ ನಿಮಿಷದ ಕೆಲಸ.

## ತೊಡಕಿನ ಪ್ರಶ್ನೆಗಳು

ಕ್ಯಾಶ್ ಆನ್ ಡೆಲಿವರಿ ಬೇಕೇ ಬೇಕು ಅಂತಾರೆ. ಅದಕ್ಕೆ ಎಷ್ಟು ಜಾಸ್ತಿ ಹಾಕೋದು?

ಕೊರಿಯರ್‌ನವರು ಕೇಳುವ ಸಿಓಡಿ (ಕ್ಯಾಶ್ ಆನ್ ಡೆಲಿವರಿ) ಶುಲ್ಕ ಮಾತ್ರ ಹಾಕಿದರೆ ಸಾಲದು. ನಿಜವಾದ ಖರ್ಚು ಇರುವುದು ಬಾಗಿಲಲ್ಲಿ ‘ಬೇಡ’ ಅಂದವರ ಪಾರ್ಸೆಲ್‌ನಲ್ಲಿ. ಹೋಗುವಾಗ 90, ಬರುವಾಗ 90, ಹಾಳಾದ ಪ್ಯಾಕಿಂಗ್ 35, ಒಟ್ಟು 215. 20 ಸಿಓಡಿ ಆರ್ಡರಿನಲ್ಲಿ 4 ವಾಪಸ್ ಬಂದರೆ 860 ಹೋಯಿತು. ಅದನ್ನು ಉಳಿದ 16ಕ್ಕೆ ಹಂಚಿದರೆ ತಲಾ 54. ಸಿಓಡಿ ಶುಲ್ಕ 40 ಸೇರಿದರೆ ಒಂದಕ್ಕೆ 94 ರೂಪಾಯಿ ಜಾಸ್ತಿ ಬೀಳುತ್ತದೆ.

ಈ 94ನ್ನು ಯಾರ ಮೇಲೆ ಹಾಕುವುದು? ಮುಂಚೆಯೇ ದುಡ್ಡು ಕೊಟ್ಟವರ ಮೇಲಂತೂ ಅಲ್ಲ. ನಾನು ಹೇಳುವ ದಾರಿ ಇದು: ಸಾಗಣೆ ಖರ್ಚನ್ನು ಮೊದಲು ಯುಪಿಐನಲ್ಲಿ ತಗೊಳ್ಳಿ, ಸಾಮಾನಿನ ದುಡ್ಡನ್ನು ಬಾಗಿಲಲ್ಲಿ ಕೊಡಲಿ. 90 ರೂಪಾಯಿ ಕೊಟ್ಟವರು ಸಾಮಾನ್ಯವಾಗಿ ಪಾರ್ಸೆಲ್ ಬಿಡುವುದಿಲ್ಲ. ಬಿಟ್ಟರೂ ಒಂದು ಕಡೆಯ ಖರ್ಚು ನಿಮ್ಮ ಕೈಯಲ್ಲಿರುತ್ತದೆ. ಹಾಗೆ ಬಿಟ್ಟರೆ ಆ ದುಡ್ಡು ವಾಪಸ್ ಇಲ್ಲ ಅಂತ ಮೊದಲೇ ತಿಳಿಸಿರಬೇಕು.

ಸಾಮಾನು ವಾಪಸ್ ಕಳಿಸಿದ್ರೆ ಆ ಖರ್ಚು ಯಾರದು?

ಬಾಟಲಿ ಒಡೆದಿದೆ, ಹೇಳಿದ್ದೊಂದು ಬಂದಿದ್ದೊಂದು, ಸೀರೆಯಲ್ಲಿ ಡ್ಯಾಮೇಜ್ ಇದೆ ಅಂದರೆ ಖರ್ಚು ಮಾರಿದವರದು, ಎರಡೂ ಕಡೆಯದು. 2020ರ ಗ್ರಾಹಕ ಸಂರಕ್ಷಣೆ ಇ–ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಸಾಮಾನನ್ನು ವಾಪಸ್ ತಗೊಳ್ಳಲು ಮಾರುವವರು ನಿರಾಕರಿಸುವಂತಿಲ್ಲ. ಮನಸ್ಸು ಬದಲಾಯಿತು ಅನ್ನುವುದಾದರೆ ಕಳಿಸುವ ಖರ್ಚು ಕೊಂಡವರದು ಅಂತ ಇಡಬಹುದು, ಮೊದಲೇ ಬರೆದಿದ್ದರೆ ಮಾತ್ರ. ಸೀರೆಯ ಬಣ್ಣ ಫೋಟೊದಲ್ಲಿ ಬೇರೆ ಥರ ಕಾಣುವುದು ಈ ಎರಡರ ನಡುವಿನ ವಿಷಯ. ಹಗಲು ಬೆಳಕಿನಲ್ಲಿ ತೆಗೆದ ಒಂದು ಫೋಟೊ ಹಾಕಿಬಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಒರಳುಕಲ್ಲು, ಕಬ್ಬಿಣದ ಕಾವಲಿ ಮಾರ್ತೀವಿ. ಕೊರಿಯರ್ ರೇಟು ಕೇಳಿದ್ರೆ ಸಾಮಾನಿಗಿಂತ ಜಾಸ್ತಿ!

ಭಾರದ ಸಾಮಾನಿಗೆ ಮನೆಬಾಗಿಲಿನ ಕೊರಿಯರ್ ಸರಿಯಾದ ದಾರಿಯಲ್ಲ. ಹುಬ್ಬಳ್ಳಿಯ ವಿಆರ್‌ಎಲ್‌ನಂಥ ಲಾರಿ ಪಾರ್ಸೆಲ್ ಸೇವೆಗಳಿವೆ. ಕೆಎಸ್‌ಆರ್‌ಟಿಸಿ ಕೂಡ 2021ರಿಂದ ‘ನಮ್ಮ ಕಾರ್ಗೋ’ ಹೆಸರಿನಲ್ಲಿ ಬಸ್ಸುಗಳಲ್ಲಿ ಪಾರ್ಸೆಲ್ ಸಾಗಿಸುತ್ತಿದೆ. ಊರಿನ ಆಫೀಸಿಗೆ ಅಥವಾ ಬಸ್ ನಿಲ್ದಾಣಕ್ಕೆ ಹೋಗಿ ಗಿರಾಕಿಯೇ ತಂದುಕೊಂಡರೆ ಖರ್ಚು ತುಂಬಾ ಇಳಿಯುತ್ತದೆ. ಅಲ್ಲಿಂದ ಮನೆಗೆ ಆಟೋ ಖರ್ಚು ಅವರದೇ ಅನ್ನುವುದನ್ನೂ ಹೇಳಿ, ಅದೂ ಸಾಗಣೆ ಖರ್ಚೇ.

ಮೊದಲು ಬೆಲೆ ತೋರಿಸಿ, ಕೊನೆಯಲ್ಲಿ ಶಿಪ್ಪಿಂಗ್ ಸೇರಿಸಿದ್ರೆ ತಪ್ಪಾ? ಎಲ್ಲರೂ ಮಾಡ್ತಾರಲ್ಲ.

ತಪ್ಪು. ಇ–ಕಾಮರ್ಸ್ ನಿಯಮಗಳು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಿ, ಡೆಲಿವರಿ, ಅಂಚೆ, ತೆರಿಗೆ ಎಷ್ಟೆಷ್ಟು ಅಂತ ಬಿಡಿಸಿ ಹೇಳಬೇಕು ಅನ್ನುತ್ತವೆ. 2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಕೊಳ್ಳುವವರ ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯಲ್ಲಿ, ಖರ್ಚುಗಳನ್ನು ಮೊದಲು ಮುಚ್ಚಿಟ್ಟು ಹಂತ ಹಂತವಾಗಿ ಸೇರಿಸುವುದೂ ಒಂದು ಮೋಸದ ವಿಧಾನ ಅಂತ ಪಟ್ಟಿಯಾಗಿದೆ. ವಾಟ್ಸಾಪ್‌ನಲ್ಲಿ ಮಾರುವವರು ಫೋಟೊದ ಕೆಳಗೇ ‘600, ಕರ್ನಾಟಕಕ್ಕೆ ಸಾಗಣೆ 80, ಒಟ್ಟು 680’ ಅಂತ ಬರೆದುಬಿಡಿ. ಸಾವಿರ ಜನಕ್ಕೆ ಒಂದೇ ಉತ್ತರ ಟೈಪ್ ಮಾಡುವ ಕಷ್ಟವೂ ತಪ್ಪುತ್ತದೆ.

ಶಿಪ್ಪಿಂಗ್ ಮೇಲೂ ಜಿಎಸ್‌ಟಿ ಹಾಕಬೇಕಾ?

ನೀವು ನೋಂದಣಿ ಮಾಡಿಸಿ, ತೆರಿಗೆ ಹಾಕಿ ಬಿಲ್ ಕೊಡುವವರಾದರೆ ಹೌದು. ಸಾಮಾನಿನ ಜೊತೆ ತಗೊಳ್ಳುವ ಪ್ಯಾಕಿಂಗ್, ಸಾಗಣೆ ಖರ್ಚು ಅದರ ಬೆಲೆಗೇ ಸೇರುತ್ತದೆ. ಸಾಮಾನಿಗೆ ಯಾವ ದರವೋ ಅದಕ್ಕೂ ಅದೇ. 5% ಇರುವ ಸಾಮಾನು 600, ಸಾಗಣೆ 100 ಆದರೆ 700ರ ಮೇಲೆ 35 ರೂಪಾಯಿ. ಮುದ್ರಿತ ಪುಸ್ತಕಕ್ಕೆ ತೆರಿಗೆ ಇಲ್ಲ, ಹಾಗಾಗಿ ಅದರ ಸಾಗಣೆಗೂ ಇಲ್ಲ.

ಕೊರಿಯರ್‌ನವರು ನಿಮಗೆ ಹಾಕುವ 18% ಬೇರೆ ವಿಷಯ. ತೆರಿಗೆ ಇರುವ ಸಾಮಾನು ಮಾರುವ ನೋಂದಾಯಿತರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ನೋಂದಣಿ ಇಲ್ಲದವರಿಗೆ ಅದು ಪೂರ್ತಿ ಖರ್ಚು. ಇನ್ನೊಂದು ಮಾತು: ತೆರಿಗೆ ಇರುವ ಸಾಮಾನನ್ನು ಹೊರರಾಜ್ಯಕ್ಕೆ ಮಾರಲು ವ್ಯಾಪಾರ ಎಷ್ಟೇ ಸಣ್ಣದಿದ್ದರೂ ಸಾಮಾನ್ಯವಾಗಿ ನೋಂದಣಿ ಬೇಕು. ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಮಿತಿಯೊಳಗೆ ವಿನಾಯಿತಿ ಇದೆ. ‘ಉಳಿದ ಭಾರತ’ ಅಂತ ದರ ಬರೆಯುವ ಮುಂಚೆ ನಿಮ್ಮ ಲೆಕ್ಕಿಗರನ್ನು ಒಂದು ಮಾತು ಕೇಳಿ.

ನಾನು 900 ಗ್ರಾಂ ಅಂತ ಕಳಿಸ್ತೀನಿ, ಅವರು ಎರಡು ಕೇಜಿ ಅಂತ ದುಡ್ಡು ಕಟ್ ಮಾಡ್ತಾರೆ. ಗಿರಾಕಿಯಿಂದ ತಗೊಳ್ಳೋದಾ?

ಮಾತು ಮುಗಿದ ಮೇಲೆ ಗಿರಾಕಿಯನ್ನು ಮತ್ತೆ ಕೇಳುವುದು ಸರಿಯಲ್ಲ. ಕೊರಿಯರ್‌ನವರ ಜೊತೆಯೇ ಬಗೆಹರಿಸಿಕೊಳ್ಳಿ. ಅದಕ್ಕೆ ದಾಖಲೆ ಬೇಕು. ಪಾರ್ಸೆಲ್ ತಕ್ಕಡಿಯ ಮೇಲಿರುವ ಒಂದು ಫೋಟೊ, ಉದ್ದ, ಅಗಲ, ಎತ್ತರಕ್ಕೆ ಟೇಪ್ ಹಿಡಿದ ಮೂರು ಫೋಟೊ, ಎಲ್ಲದರಲ್ಲೂ ಲೇಬಲ್ ಕಾಣಬೇಕು. ತಕರಾರು ಹಾಕಲು ಗಡುವು ಇರುತ್ತದೆ, ವಾರಕ್ಕೊಮ್ಮೆ ಬಿಲ್ ನೋಡದಿದ್ದರೆ ಅದು ದಾಟಿಹೋಗುತ್ತದೆ.

ಅಮೆರಿಕದಲ್ಲಿರೋ ಕನ್ನಡದವರು ಕೇಳ್ತಾರೆ. ಅಲ್ಲಿಗೆ ರೇಟು ಹೇಗೆ ಹೇಳೋದು?

ಸಾಗಣೆ ಬೇರೆ, ಅಲ್ಲಿನ ಸುಂಕ ಬೇರೆ ಅಂತ ಬಿಡಿಸಿ ಹೇಳಿ. ಮೊದಲು 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಅಮೆರಿಕದಲ್ಲಿ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ಹೋಯಿತು. ಅದೇ ಸಮಯದಲ್ಲಿ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ತಗೊಳ್ಳುವುದನ್ನು ನಿಲ್ಲಿಸಿ, ಅಕ್ಟೋಬರಿನಲ್ಲಿ ಸುಂಕವನ್ನು ಇಲ್ಲೇ ಕಟ್ಟಿಸಿಕೊಂಡು ಮತ್ತೆ ಶುರು ಮಾಡಿತು. ಸುಂಕದ ದರ ಆಗಾಗ ಬದಲಾಗುವುದರಿಂದ ಹಳೆಯ ಬಿಲ್ ನೋಡಿ ಅಂದಾಜು ಹೇಳಬೇಡಿ. ಬುಕ್ ಮಾಡುವ ದಿನದ ಮೊತ್ತ ಕೇಳಿ, ‘ಈ ದರ ಇಷ್ಟು ದಿನ ಮಾತ್ರ’ ಅಂತ ಬರೆದು ಕಳಿಸಿ. ಉಪ್ಪಿನಕಾಯಿ, ಪುಡಿಯಂಥ ತಿನ್ನುವ ಸಾಮಾನಿಗೆ ಆ ದೇಶದ ಆಹಾರ ನಿಯಮಗಳೂ ಇವೆ. ಪಾರ್ಸೆಲ್ ಅಲ್ಲಿ ತಡೆಹಿಡಿದರೆ ದುಡ್ಡು ಯಾರದು ಅನ್ನುವುದನ್ನು ಕಳಿಸುವ ಮುಂಚೆಯೇ ಇಬ್ಬರೂ ಬರಹದಲ್ಲಿ ಒಪ್ಪಿಕೊಂಡಿರಿ.